ಹಳೆಯ ಲ್ಯಾಪ್‌ಟಾಪ್‌ಗೂ ಲಿನಕ್ಸ್‌ಗೂ ಪರಿಚಯವಾಗುವ ಬಗೆ

2008ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಡೆಲ್ ಇನ್‌ಸ್ಪಿರಾನ್ 1525 ಲ್ಯಾಪ್‌ಟಾಪ್ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಬೀರುವಿನ ಮೇಲೋ ಮಂಚದ ಕೆಳಗೋ ಉಳಿದುಕೊಂಡಿದೆ. 15.4 ಇಂಚಿನ ಪರದೆ, ಇಂಟೆಲ್ ಕೋರ್ 2 ಡ್ಯುಯೊ ಪ್ರೊಸೆಸರ್, ಎರಡು ಜಿಬಿ ಆಸುಪಾಸಿನ ಮೆಮೊರಿ, ಜೊತೆಗೆ ವಿಂಡೋಸ್ ವಿಸ್ಟಾ. ವಿಸ್ಟಾಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2017ರ ಏಪ್ರಿಲ್‌ನಲ್ಲಿ ನಿಂತಿತು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಬಂತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೊಸ ಪೀಳಿಗೆಯದಾಗಿರಬೇಕು. ಯಂತ್ರ ಹಳತಾಯಿತು ಎಂಬ ತೀರ್ಪು ಹೀಗೆ ಹೊರಗಿನಿಂದ ಬರುತ್ತದೆ. ಒಳಗಿನ ಪ್ರೊಸೆಸರ್ ಮೊದಲ ದಿನ ಎಷ್ಟು ಬೇಗ ಲೆಕ್ಕ ಮಾಡುತ್ತಿತ್ತೋ ಈಗಲೂ ಅಷ್ಟೇ ಬೇಗ ಮಾಡುತ್ತದೆ. ಸವೆಯುವುದು ಬ್ಯಾಟರಿ, ಫ್ಯಾನು, ಹಾರ್ಡ್ ಡಿಸ್ಕು, ಪರದೆಯ ಹಿಂದಿನ ದೀಪ. ಅವನ್ನು ಬದಲಾಯಿಸಬಹುದು.

ಬದಲಾಯಿಸಲು ಕಷ್ಟವಾದದ್ದು ಇನ್ನೊಂದಿದೆ. ಲ್ಯಾಪ್‌ಟಾಪ್‌ನೊಳಗಿನ ಪ್ರತಿಯೊಂದು ಚಿಪ್‌ನಲ್ಲೂ ರಿಜಿಸ್ಟರ್ ಎಂಬ ಪುಟ್ಟ ಖಾನೆಗಳಿರುತ್ತವೆ. ಯಾವ ಖಾನೆಗೆ ಯಾವ ಅಂಕಿ ಬರೆದರೆ ಪರದೆ ಬೆಳಗುತ್ತದೆ, ಯಾವುದನ್ನು ಓದಿದರೆ ವೈಫೈ ಸಂಕೇತದ ಬಲ ತಿಳಿಯುತ್ತದೆ, ಎರಡು ಬರಹಗಳ ನಡುವೆ ಎಷ್ಟು ಮೈಕ್ರೋಸೆಕೆಂಡ್ ಕಾಯಬೇಕು ಎಂಬುದು ಚಿಪ್ ಮಾಡಿದವರಿಗೆ ಮಾತ್ರ ಮೊದಲಿಗೆ ಗೊತ್ತಿರುತ್ತದೆ. ಈ ತಿಳಿವಳಿಕೆಯನ್ನು ಪ್ರೋಗ್ರಾಂ ರೂಪದಲ್ಲಿ ಬರೆದಿಟ್ಟರೆ ಅದೇ ಡ್ರೈವರ್. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಸರಾಗವಾಗಿ ನಡೆಯುತ್ತದೋ ಇಲ್ಲವೋ ಎಂಬುದು ಯಂತ್ರದ ವಯಸ್ಸಿನ ಮೇಲೆ ನಿಂತಿಲ್ಲ, ಈ ತಿಳಿವಳಿಕೆ ಸಾರ್ವಜನಿಕವಾಯಿತೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. 1525ರ ಹೊಟ್ಟೆಯೊಳಗೆ ಈ ಎರಡೂ ಬಗೆಯ ಚಿಪ್‌ಗಳು ಅಕ್ಕಪಕ್ಕ ಕೂತಿರುವುದರಿಂದ ಈ ಅಧ್ಯಾಯಕ್ಕೆ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಮುಂದೆ ಲಿನಕ್ಸ್ ಎಂದು ಹೆಸರಾದ ತನ್ನ ಹೊಸ ಕರ್ನೆಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಸುದ್ದಿಯನ್ನು ಮೊದಲ ಬಾರಿಗೆ ಹೊರಗೆ ಹೇಳಿದಾಗ, ಅದು 386ಕ್ಕೇ ಕಟ್ಟುಬಿದ್ದದ್ದು, ತನ್ನ ಬಳಿ ಇರುವ ಎಟಿ ಹಾರ್ಡ್ ಡಿಸ್ಕನ್ನು ಬಿಟ್ಟು ಬೇರೇನನ್ನೂ ಬಹುಶಃ ಎಂದೂ ಬೆಂಬಲಿಸಲಾರದು ಎಂದು ಬರೆದಿದ್ದ. ಇಂದು ಲಿನಕ್ಸ್ ಕರ್ನೆಲ್‌ನ ಮೂಲ ಸಂಕೇತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಡ್ರೈವರ್‌ಗಳದು. ಅವೆಲ್ಲ ಕರ್ನೆಲ್ ಜೊತೆಯಲ್ಲಿ, ಒಂದೇ ಕಡೆ ಇರುತ್ತವೆ. ಕರ್ನೆಲ್‌ನ ಒಳರಚನೆಯಲ್ಲಿ ಯಾರಾದರೂ ಬದಲಾವಣೆ ಮಾಡಿದರೆ, ಅದರಿಂದ ತೊಂದರೆಗೊಳಗಾಗುವ ಎಲ್ಲ ಡ್ರೈವರ್‌ಗಳನ್ನೂ ಸರಿಪಡಿಸುವ ಹೊಣೆ ಅವರದೇ. ಹೀಗಾಗಿ 2008ರ ಚಿಪ್‌ಗೆ ಬರೆದ ಡ್ರೈವರ್ ಆ ಚಿಪ್‌ನ ಕಂಪನಿ ಮುಚ್ಚಿಹೋದರೂ ಇವತ್ತಿನ ಕರ್ನೆಲ್‌ನಲ್ಲಿ ಕೆಲಸ ಮಾಡುತ್ತದೆ. ವಿಂಡೋಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ತಯಾರಕರ ಕೈಯಲ್ಲೇ ಇರುತ್ತವೆ. ಅವರು ಕೈಬಿಟ್ಟ ದಿನ ಆ ಸಾಧನವೂ ಕೈಬಿಟ್ಟಂತೆ.

ಕಂಪ್ಯೂಟರ್ ಶುರುವಾದಾಗ ಒಳಗೆ ಏನೇನಿದೆ ಎಂದು ಕರ್ನೆಲ್‌ಗೆ ತಿಳಿಯುವುದು ಹೇಗೆ? ಇಂಟೆಲ್ 1992ರಲ್ಲಿ ತಂದ ಪಿಸಿಐ ಎಂಬ ವ್ಯವಸ್ಥೆ ಇದಕ್ಕೊಂದು ಸುಂದರ ಉತ್ತರ ಕೊಟ್ಟಿತು. ಪಿಸಿಐಗೆ ಜೋಡಿಸಿದ ಪ್ರತಿ ಚಿಪ್ ತನ್ನೊಳಗೆ ಎರಡು ಸಂಖ್ಯೆಗಳನ್ನು ಇಟ್ಟುಕೊಂಡಿರಬೇಕು. ಒಂದು ತಯಾರಕರ ಸಂಖ್ಯೆ, ಇನ್ನೊಂದು ಮಾದರಿಯ ಸಂಖ್ಯೆ. ಜಮೀನಿಗೆ ಊರಿನ ಹೆಸರು ಮತ್ತು ಸರ್ವೆ ನಂಬರ್ ಇರುವಂತೆ, ಈ ಜೋಡಿ ಸಿಕ್ಕರೆ ಸಾಕು, ಯಾವ ಚಿಪ್ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಇಂಟೆಲ್ ತನಗಾಗಿ ಆರಿಸಿಕೊಂಡ ಸಂಖ್ಯೆ 8086. ಅದು 1978ರ ಅದರ ಹೆಸರಾಂತ ಪ್ರೊಸೆಸರ್‌ನ ಹೆಸರು. ಇವು ಹದಿನಾರರ ಆಧಾರದ ಸಂಖ್ಯೆಗಳಾದ್ದರಿಂದ ಒಂಬತ್ತಾದ ಮೇಲೆ ಎ, ಬಿ, ಸಿ ಎಂದು ಎಫ್‌ವರೆಗೆ ಅಕ್ಷರಗಳೂ ಬರುತ್ತವೆ.

1525ರಲ್ಲಿ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟು, ಅದರ ಮುಂದೆ ಒಂದು ಅಡ್ಡಗೆರೆ, ಎರಡು ಎನ್, ಒಂದು ಕೆ ಸೇರಿಸಿದರೆ ಪಟ್ಟಿ ಬರುತ್ತದೆ. ಗ್ರಾಫಿಕ್ಸ್ 8086:2ಎ02. ಧ್ವನಿ 8086:284ಬಿ. ಕೇಬಲ್ ನೆಟ್‌ವರ್ಕ್ 11ಎಬಿ:4354, ಅದು ಮಾರ್ವೆಲ್ ಕಂಪನಿಯದು. ವೈಫೈ 14ಇ4:4315, ಬ್ರಾಡ್‌ಕಾಮ್‌ನದು. ಪ್ರತಿ ಸಾಲಿನ ಕೆಳಗೆ ಆ ಚಿಪ್ಪನ್ನು ಈಗ ಯಾವ ಡ್ರೈವರ್ ನೋಡಿಕೊಳ್ಳುತ್ತಿದೆ ಎಂಬುದೂ ಕಾಣುತ್ತದೆ. ಡ್ರೈವರ್ ಹೆಸರಿನ ಸಾಲೇ ಇಲ್ಲದಿದ್ದರೆ ಆ ಸಾಧನವನ್ನು ಯಾರೂ ಕೇಳುತ್ತಿಲ್ಲ ಎಂದರ್ಥ. ಲ್ಯಾಪ್‌ಟಾಪ್‌ನ ಮೇಲಿನ ಬ್ರ್ಯಾಂಡ್ ಹೆಸರಿಗಿಂತ ಈ ನಾಲ್ಕಾರು ಸಂಖ್ಯೆಗಳು ಹೆಚ್ಚು ಹೇಳುತ್ತವೆ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ವೈಫೈ ಕಾರ್ಡ್ ಹಾಕಿ ಮಾರಿರುವುದು ಸಾಮಾನ್ಯ. ಆದ್ದರಿಂದ ಸಹಾಯ ಕೇಳುವಾಗ ಮಾದರಿಯ ಹೆಸರು ಹೇಳಿದರೆ ಸಾಲದು, ಸಂಖ್ಯೆ ಹೇಳಬೇಕು.

ಕರ್ನೆಲ್‌ನ ಪ್ರತಿ ಡ್ರೈವರ್ ಕೂಡ ತಾನು ಯಾವ ಯಾವ ಸಂಖ್ಯೆಗಳ ಚಿಪ್ಪನ್ನು ನಡೆಸಬಲ್ಲೆ ಎಂಬ ಪಟ್ಟಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಲಿನಕ್ಸ್ ಇನ್‌ಸ್ಟಾಲ್ ಆಗುವಾಗ ಈ ಪಟ್ಟಿಗಳೆಲ್ಲ ಸೇರಿ ಒಂದು ಕಡತವಾಗುತ್ತವೆ. ಯಂತ್ರ ಶುರುವಾಗುತ್ತಿದ್ದಂತೆ ಕರ್ನೆಲ್ ಚಿಪ್‌ಗಳ ಸಂಖ್ಯೆ ಓದಿ ಘೋಷಿಸುತ್ತದೆ, ಯುಡೆವ್ ಎಂಬ ಪ್ರೋಗ್ರಾಂ ಅದನ್ನು ಕೇಳಿಸಿಕೊಂಡು ಆ ಕಡತದಲ್ಲಿ ಹುಡುಕಿ ಸರಿಯಾದ ಡ್ರೈವರನ್ನು ಕರೆಸುತ್ತದೆ. ಡ್ರೈವರ್ ಸಿಡಿ ಹುಡುಕುವ ಕೆಲಸ ಲಿನಕ್ಸ್‌ನಲ್ಲಿ ಬಹುತೇಕ ಇಲ್ಲದಿರುವುದು ಇದರಿಂದ. ಯುಎಸ್‌ಬಿಯಲ್ಲಿ ಇನ್ನೂ ಒಂದು ಅನುಕೂಲವಿದೆ. ಪೆನ್‌ಡ್ರೈವ್, ಕೀಬೋರ್ಡ್, ವೆಬ್‌ಕ್ಯಾಮ್ ಮುಂತಾದವು ತಾವು ಯಾವ ವರ್ಗದವು ಎಂದು ಹೇಳುತ್ತವೆ, ವರ್ಗಕ್ಕೆಲ್ಲ ಒಂದೇ ಡ್ರೈವರ್ ಸಾಕಾಗುತ್ತದೆ.

ಇದನ್ನೆಲ್ಲ ಡಿಸ್ಕ್ ಅಳಿಸದೆ ಪರೀಕ್ಷಿಸಬಹುದು. ಪೆನ್‌ಡ್ರೈವ್‌ಗೆ ಲೈವ್ ಲಿನಕ್ಸ್ ಹಾಕಿ, 1525ರಲ್ಲಿ ಶುರುವಿಗೇ ಎಫ್12 ಒತ್ತಿ ಅದರಿಂದ ಯಂತ್ರ ಎಬ್ಬಿಸಿದರೆ ಸಾಕು. ಯಾವ ಲಿನಕ್ಸ್ ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ಈ ಕೋರ್ 2 ಡ್ಯುಯೊ 64 ಬಿಟ್‌ನದೇ ಆದರೂ ಅದಕ್ಕೆ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಗೊತ್ತಿಲ್ಲ. 2022ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಅದನ್ನು ಕಡ್ಡಾಯ ಮಾಡಿತು, ಹಾಗಾಗಿ ಈ ಯಂತ್ರದಲ್ಲಿ ಅದು ನಡೆಯುವುದಿಲ್ಲ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಈಗಲೂ ಹಳೆಯ 64 ಬಿಟ್ ಪ್ರೊಸೆಸರ್‌ಗಳನ್ನು ಒಪ್ಪುತ್ತದೆ. 32 ಬಿಟ್ ಮಾತ್ರ ಬಲ್ಲ ಇನ್ನೂ ಹಳೆಯ ಯಂತ್ರಗಳಿಗೆ 2025ರ ಡೆಬಿಯನ್ 13ರಲ್ಲಿ ಕರ್ನೆಲ್ಲಾಗಲಿ ಇನ್‌ಸ್ಟಾಲರ್ರಾಗಲಿ ಇಲ್ಲ, ಅವಕ್ಕೆ ಡೆಬಿಯನ್ 12 ಉಳಿದಿದೆ. 2003ರ ಕಾಲದ ಪೆಂಟಿಯಂ ಎಂ ಚಿಪ್‌ಗಳಲ್ಲಿ ಇನ್ನೊಂದು ವಿಚಿತ್ರ: ಪಿಎಇ ಎಂಬ ಸಾಮರ್ಥ್ಯ ಅವುಗಳಲ್ಲಿ ಇದೆ, ಆದರೆ ಇದೆ ಎಂದು ಹೇಳಿಕೊಳ್ಳುವುದಿಲ್ಲ, ಹಾಗಾಗಿ ಅದನ್ನು ಬೇಡುವ ಕರ್ನೆಲ್ ಶುರುವಿಗೇ ನಿಂತುಬಿಡುತ್ತದೆ. ಫೋರ್ಸ್‌ಪಿಎಇ ಎಂಬ ಒಂದು ಪದವನ್ನು ಬೂಟ್ ಸಾಲಿಗೆ, ಅಂದರೆ ಶುರುವಾಗುವಾಗ ಕರ್ನೆಲ್‌ಗೆ ಕೊಡುವ ಸೂಚನೆಗಳ ಸಾಲಿಗೆ, ಸೇರಿಸಿದರೆ ಕರ್ನೆಲ್ ಮುಂದುವರಿಯುತ್ತದೆ.

ಈಗ ವೈಫೈಗೆ ಬರೋಣ. ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದವರು ಮೊದಲು ಎದುರಿಸುವ ಗೋಡೆ ಸಾಮಾನ್ಯವಾಗಿ ಇದೇ.

14ಇ4:4315 ಎಂದರೆ ಬ್ರಾಡ್‌ಕಾಮ್‌ನ ಬಿಸಿಎಂ4312 ಚಿಪ್. ಈ ಸರಣಿಯ ಚಿಪ್‌ಗಳು ಬಂದ ಕಾಲದಲ್ಲಿ ಅವುಗಳ ರಿಜಿಸ್ಟರ್‌ಗಳ ವಿವರವನ್ನು ಬ್ರಾಡ್‌ಕಾಮ್ ಹೊರಗೆ ಕೊಡಲಿಲ್ಲ. ಲಿನಕ್ಸ್‌ಗೆ ಮುಕ್ತ ಡ್ರೈವರ್ ಬರೆಯಬೇಕಾದರೆ ಕಂಪನಿಯದೇ ಡ್ರೈವರ್ ಏನು ಮಾಡುತ್ತದೆ ಎಂದು ಒಂದೊಂದಾಗಿ ಬಿಡಿಸಿ ನೋಡಬೇಕಿತ್ತು. ಆದರೆ ಹಾಗೆ ಬಿಡಿಸಿ ನೋಡಿದವರೇ ಹೊಸ ಡ್ರೈವರ್ ಬರೆದರೆ ನಕಲು ಮಾಡಿದ ಆರೋಪ ಬರಬಹುದು. ಅದಕ್ಕೆ ಸ್ವಯಂಸೇವಕರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರನ್ನು ಅಧ್ಯಯನ ಮಾಡಿ, ಚಿಪ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸಾಧಾರಣ ಇಂಗ್ಲಿಷ್‌ನಲ್ಲಿ ಬರೆದಿಟ್ಟಿತು: ಈ ರಿಜಿಸ್ಟರ್ ಓದು, ಇಂಥ ಬಿಟ್ ಒಂದಾಗಿದ್ದರೆ ಅಲ್ಲಿಗೆ ಇದನ್ನು ಬರೆ. ಇನ್ನೊಂದು ಗುಂಪು ಮೂಲ ಡ್ರೈವರನ್ನು ಕಣ್ಣೆತ್ತಿಯೂ ನೋಡದೆ ಬರೀ ಆ ವಿವರಣೆ ಓದಿ ಪ್ರೋಗ್ರಾಂ ಬರೆಯಿತು. ಈ ಶ್ರಮದ ಮೊದಲ ಫಲ 2006ರಲ್ಲಿ ಕರ್ನೆಲ್‌ನ 2.6.17 ಆವೃತ್ತಿ ಸೇರಿತು. ಮಿಕಾಯೆಲ್ ಬೂಶ್ ಮತ್ತು ಜೊತೆಗಾರರು ಅದನ್ನು ಮತ್ತೆ ಕಟ್ಟಿ ಬಿ43 ಎಂಬ ಹೆಸರಿನಲ್ಲಿ 2008ರ 2.6.24ಕ್ಕೆ ತಂದರು. 1525ರಲ್ಲಿರುವ ಚಿಪ್‌ನ ರೇಡಿಯೋ ಭಾಗ ಕಡಿಮೆ ವಿದ್ಯುತ್ ಬಳಸುವ ಬೇರೆ ವಿನ್ಯಾಸದ್ದು. ಅದರ ಬೆಂಬಲ ಬಂದದ್ದು 2009ರ ಕೊನೆಯ 2.6.32ರಲ್ಲಿ. ಈ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದವರಲ್ಲಿ ಅಮೆರಿಕದ ಲ್ಯಾರಿ ಫಿಂಗರ್ ಒಬ್ಬರು. 2024ರ ಜೂನ್‌ನಲ್ಲಿ ಅವರು ತೀರಿಕೊಂಡರು. ಎಲ್ಲೋ ಕೂತು ಹಳೆಯ ವೈಫೈ ಕಾರ್ಡ್ ನಡೆಯುವುದನ್ನು ಕಂಡು ಖುಷಿಪಡುವ ನಮ್ಮಂಥವರು ನೆನೆಯಬೇಕಾದ ಹೆಸರು ಅದು.

ಡ್ರೈವರ್ ಸಿಕ್ಕರೂ ಕಥೆ ಮುಗಿಯಲಿಲ್ಲ. ಈ ಚಿಪ್‌ನೊಳಗೇ ಒಂದು ಪುಟ್ಟ ಪ್ರೊಸೆಸರ್ ಇದೆ. ಅದಕ್ಕೆ ಬೇಕಾದ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಚಿಪ್‌ನಲ್ಲಿ ಶಾಶ್ವತವಾಗಿ ಇರುವುದಿಲ್ಲ. ಪ್ರತಿ ಸಲ ಯಂತ್ರ ಶುರುವಾದಾಗ ಡ್ರೈವರ್ ಅದನ್ನು ಡಿಸ್ಕಿನಿಂದ ಓದಿ ಚಿಪ್‌ಗೆ ತುಂಬಬೇಕು. ಆ ಫರ್ಮ್‌ವೇರ್ ಬ್ರಾಡ್‌ಕಾಮ್‌ನ ಆಸ್ತಿ, ಹಂಚಲು ಲಿನಕ್ಸ್ ವಿತರಕರಿಗೆ ಅನುಮತಿ ಇಲ್ಲ. ಹೀಗಾಗಿ ಡೆಬಿಯನ್ 2022ರ ಅಕ್ಟೋಬರ್‌ನಲ್ಲಿ ಸದಸ್ಯರ ಮತ ಪಡೆದು, 2023ರ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್‌ಗಳನ್ನೂ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸಲು ಶುರುಮಾಡಿದರೂ ಇದೊಂದು ಅದರೊಳಗೆ ಬರಲಾಗಲಿಲ್ಲ. ದಾರಿ ಸ್ವಲ್ಪ ಸುತ್ತಿನದು. ಒಂದು ಪ್ಯಾಕೇಜ್ ಇದೆ, ಅದು ಬ್ರಾಡ್‌ಕಾಮ್‌ನ ಡ್ರೈವರನ್ನು ನಿಮ್ಮ ಯಂತ್ರಕ್ಕೇ ಇಳಿಸಿಕೊಂಡು ಅದರೊಳಗಿನಿಂದ ಫರ್ಮ್‌ವೇರ್ ಭಾಗವನ್ನು ಕತ್ತರಿಸಿ ತೆಗೆಯುತ್ತದೆ. ಡೆಬಿಯನ್‌ನಲ್ಲಿ ಇಂಥ ಪ್ಯಾಕೇಜ್‌ಗಳು ಒಂದಕ್ಕಿಂತ ಹೆಚ್ಚಿವೆ. ಹೆಸರಿನಲ್ಲಿ ಎಲ್‌ಪಿಫೈ ಎಂದು ಇರುವುದೇ ಈ ಚಿಪ್‌ನದು. ಬೇರೆಯದನ್ನು ಹಾಕಿಕೊಂಡು ವೈಫೈ ಬರಲಿಲ್ಲ ಎಂದು ಯಂತ್ರವನ್ನೇ ಮೂಲೆಗೆ ತಳ್ಳಿದವರಿದ್ದಾರೆ.

ಇದೆಲ್ಲ ಆಗಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು. ಬಿಡಿಸಿಕೊಳ್ಳುವುದು ಸುಲಭ. ಮಾರ್ವೆಲ್‌ನ ಕೇಬಲ್ ಚಿಪ್‌ಗೆ ಸ್ಕೈ2 ಎಂಬ ಡ್ರೈವರ್ ಮೊದಲೇ ಇದೆ, ರೂಟರ್‌ಗೆ ಕೇಬಲ್ ಚುಚ್ಚಿದರೆ ಸಂಪರ್ಕ ಸಿಗುತ್ತದೆ. ಕೇಬಲ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ವೈರಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಫೋನ್ ಒಂದು ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ, ಯಾವ ಸಿದ್ಧತೆಯೂ ಬೇಡ. ನಮ್ಮ ಊರುಗಳಲ್ಲಿ ಇದಕ್ಕಿಂತ ಉಪಯುಕ್ತವಾದ ಉಪಾಯ ನನಗೆ ಕಂಡಿಲ್ಲ.

ಬ್ರಾಡ್‌ಕಾಮ್ ತಾನೇ ಕೊಟ್ಟ ಇನ್ನೊಂದು ಡ್ರೈವರ್ ಇದೆ, ಹೆಸರು ಡಬ್ಲ್ಯುಎಲ್. ಅದರ ತಿರುಳು ಮುಚ್ಚಿದ ಯಂತ್ರ ಸಂಕೇತ. ಸುತ್ತಲಿನ ತೆಳು ಹೊದಿಕೆಯನ್ನು ಮಾತ್ರ ಪ್ರತಿ ಹೊಸ ಕರ್ನೆಲ್‌ಗೂ ಮತ್ತೆ ಕಂಪೈಲ್ ಮಾಡಬೇಕು. ಕರ್ನೆಲ್ ಬದಲಾದಾಗ ಅದು ಹೊಂದಿಕೊಳ್ಳದೆ ನಿಂತುಹೋಗುವುದುಂಟು. ಬಿ43 ಮತ್ತು ಡಬ್ಲ್ಯುಎಲ್ ಎರಡೂ ಒಟ್ಟಿಗೆ ಇದ್ದರೆ ಜಗಳ ಖಂಡಿತ, ಒಂದನ್ನು ತಡೆಪಟ್ಟಿಗೆ ಸೇರಿಸಲೇಬೇಕು. 1525ರಲ್ಲಿ ಬಿ43 ಸಾಕು ಎಂಬುದು ನನ್ನ ನಿಲುವು.

ಇದೇ ಕಾಲದ ಇನ್ನೊಂದು ವೈಫೈ ಕಂಪನಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಥೆರಾಸ್ 2008ರ ಜುಲೈನಲ್ಲಿ ತನ್ನ ಹೊಸ ಚಿಪ್‌ಗಳಿಗೆ ಎಟಿಎಚ್9ಕೆ ಎಂಬ ಮುಕ್ತ ಡ್ರೈವರನ್ನು ತಾನೇ ಬಿಡುಗಡೆ ಮಾಡಿತು. ಆ ಚಿಪ್‌ಗಳಿಗೆ ಹೊರಗಿನಿಂದ ತುಂಬುವ ಫರ್ಮ್‌ವೇರ್ ಕೂಡ ಬೇಡ. ಅದರ ಕಾರ್ಡ್ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಮೊದಲ ಸಲಕ್ಕೇ ಬರುತ್ತದೆ. ಬ್ರಾಡ್‌ಕಾಮ್ ಕೂಡ 2010ರ ಸೆಪ್ಟೆಂಬರ್‌ನಲ್ಲಿ ತನ್ನ ನಂತರದ ಚಿಪ್‌ಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು, ಆದರೆ 4312 ಅದರ ವ್ಯಾಪ್ತಿಗೆ ಬರಲಿಲ್ಲ. 1525ರ ತಳದ ಮುಚ್ಚಳ ಬಿಚ್ಚಿದರೆ ವೈಫೈ ಕಾರ್ಡ್ ಒಂದು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಲ್ಲಿ ಕೂತಿರುವುದು ಕಾಣುತ್ತದೆ, ಅದನ್ನು ತೆಗೆದು ಅಥೆರಾಸ್ ಕಾರ್ಡ್ ಹಾಕಬಹುದು. ಕೆಲವು ತಯಾರಕರ ಬಯಾಸ್, ಅಂದರೆ ಯಂತ್ರ ಆನ್ ಆದ ಕೂಡಲೇ ಮೊದಲು ನಡೆಯುವ ಪ್ರೋಗ್ರಾಂ, ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಯಂತ್ರವನ್ನೇ ಶುರುಮಾಡುವುದಿಲ್ಲ. ಕೊಂಡವರ ವಸ್ತುವಿನಲ್ಲಿ ಕೊಂಡವರು ಯಾವ ಕಾರ್ಡ್ ಹಾಕಬೇಕೆಂದು ಮಾರಿದವರು ತೀರ್ಮಾನಿಸುವ ಈ ಅಭ್ಯಾಸ ನನಗೆ ಅನ್ಯಾಯವೆಂದೇ ಕಾಣುತ್ತದೆ. ಅಂಥಲ್ಲಿ ಯುಎಸ್‌ಬಿ ಡಾಂಗಲ್ ಒಂದೇ ಗತಿ. ಎಆರ್9271 ಚಿಪ್‌ನ ಡಾಂಗಲ್ ಸಿಕ್ಕರೆ ಒಳ್ಳೆಯದು, ಅದರ ಫರ್ಮ್‌ವೇರ್‌ನ ಮೂಲ ಸಂಕೇತವೂ 2013ರಿಂದ ಮುಕ್ತವಾಗಿದೆ.

ಗ್ರಾಫಿಕ್ಸ್‌ನಲ್ಲಿ 1525 ಅದೃಷ್ಟವಂತ. ಅದರ ಜಿಎಂಎ ಎಕ್ಸ್3100 ಆಟಗಳಿಗೆ ತೀರ ಸಾಧಾರಣ ಚಿಪ್ಪಾದರೂ, 2008ರ ಜನವರಿಯಲ್ಲಿ ಇಂಟೆಲ್ ಅದು ಸೇರಿದ 965 ಕುಟುಂಬದ ಗ್ರಾಫಿಕ್ಸ್‌ನ ಪ್ರೋಗ್ರಾಮಿಂಗ್ ಕೈಪಿಡಿಗಳನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿತು. ಅದರ ಫಲವನ್ನು ನೋಡಿ. ಲಿನಕ್ಸ್‌ನ ಮೂರು ಆಯಾಮದ ಚಿತ್ರಣದ ಗ್ರಂಥಾಲಯವಾದ ಮೆಸಾ 2022ರ ಆವೃತ್ತಿಯಿಂದ ಹಳೆಯ ಶೈಲಿಯ ಡ್ರೈವರ್‌ಗಳನ್ನೆಲ್ಲ ಕೈಬಿಟ್ಟಿತು, ಎಕ್ಸ್3100ರ ಹಳೆಯ ಡ್ರೈವರ್ ಕೂಡ ಹೋಯಿತು. ಆದರೆ ಅದಕ್ಕೆ ಮೊದಲೇ, 2021ರಲ್ಲಿ, ಡೇವ್ ಏರ್ಲಿ ಈ ಹಳೆಯ ಇಂಟೆಲ್ ಚಿಪ್‌ಗಳಿಗೆಂದೇ ಕ್ರೋಕಸ್ ಎಂಬ ಹೊಸ ಡ್ರೈವರ್ ಬರೆದು ಸೇರಿಸಿದ್ದರು. 2007ರಲ್ಲಿ ಬಂದ ಚಿಪ್‌ಗೆ 2021ರಲ್ಲಿ ಹೊಚ್ಚ ಹೊಸ ಡ್ರೈವರ್! ಕೈಪಿಡಿ ಎಲ್ಲರ ಕೈಗೆ ಸಿಗುವಂತಿದ್ದರೆ ಹೀಗೂ ಆಗುತ್ತದೆ.

ಈ ಚಿಪ್‌ನಲ್ಲಿ ಒಂದು ಸಣ್ಣ ಕಾಟ ಮಾತ್ರ ಆಗಾಗ ಕಾಣಿಸುತ್ತದೆ. ಜೋಡಿಸದೇ ಇರುವ ಟಿವಿಯೊಂದು ಜೋಡಿಸಿದೆ ಎಂದು ಡ್ರೈವರ್ ಭ್ರಮಿಸಿ, ಪರದೆಯ ಅರ್ಧ ಕೆಲಸವನ್ನು ಆ ಇಲ್ಲದ ಟಿವಿಗೆ ಕಳಿಸುತ್ತದೆ. ಕಿಟಕಿಗಳು ಕಣ್ಮರೆಯಾದರೆ ಇದೇ ಕಾರಣವಿರಬಹುದು. ಎಸ್-ವಿಡಿಯೊ ಹೊರದಾರಿಯನ್ನು ಮುಚ್ಚುವ ಸೂಚನೆಯನ್ನು ಬೂಟ್ ಸಾಲಿನಲ್ಲಿ ಕೊಟ್ಟರೆ ಸರಿಹೋಗುತ್ತದೆ.

ಇಂಟೆಲ್ ಎಂಬ ಹೆಸರೇ ಭರವಸೆ ಎಂದು ತಿಳಿಯಬೇಡಿ. ಅದೇ ಕಾಲದ ಕೆಲವು ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಜಿಎಂಎ 500 ಚಿಪ್‌ನ ಗ್ರಾಫಿಕ್ಸ್ ಭಾಗ ಇಂಟೆಲ್‌ನದಲ್ಲ, ಇಮ್ಯಾಜಿನೇಷನ್ ಕಂಪನಿಯ ಪವರ್‌ವಿಆರ್. ಅದರ ವಿವರ ಹೊರಬರಲಿಲ್ಲ. ಕರ್ನೆಲ್‌ನಲ್ಲಿ ಅದಕ್ಕೆ ಬಂದ ಮುಕ್ತ ಡ್ರೈವರ್ ಪರದೆಗೆ ಚಿತ್ರ ತರುತ್ತದೆ ಅಷ್ಟೇ, ಮೂರು ಆಯಾಮದ ವೇಗವರ್ಧನೆ ಇಲ್ಲ. ಎನ್‌ವಿಡಿಯಾ ಚಿಪ್ ಇರುವ ಹಳೆಯ ಯಂತ್ರಗಳದು ಬೇರೆ ಬಗೆಯ ಪಾಡು. 2007ರ ಆಸುಪಾಸಿನ ಜಿಫೋರ್ಸ್ 8 ಸರಣಿಗೆ ಕಂಪನಿ ಕೊಡುತ್ತಿದ್ದ 340 ಸರಣಿಯ ಡ್ರೈವರ್‌ನ ಬೆಂಬಲ 2019ರ ಕೊನೆಗೆ ಮುಗಿಯಿತು. ಉಳಿದದ್ದು ನೂವೋ ಎಂಬ ಮುಕ್ತ ಡ್ರೈವರ್. ಅದನ್ನು ಬರೆದವರು ಬಳಸಿದ ಉಪಾಯ ಜಾಣತನದ್ದು. ಚಿಪ್‌ನ ರಿಜಿಸ್ಟರ್‌ಗಳಿರುವ ಮೆಮೊರಿ ವಿಳಾಸಗಳನ್ನು ಕರ್ನೆಲ್ ಬೇಕೆಂದೇ ಅಮಾನ್ಯ ಎಂದು ಗುರುತು ಹಾಕುತ್ತದೆ. ಕಂಪನಿಯ ಡ್ರೈವರ್ ಅಲ್ಲಿಗೆ ಕೈ ಹಾಕಿದ ಕೂಡಲೇ ಪ್ರೊಸೆಸರ್ ದೋಷವೆಂದು ಕರ್ನೆಲ್ಲನ್ನು ಕರೆಯುತ್ತದೆ. ಕರ್ನೆಲ್ ಆ ವಿಳಾಸ, ಆ ಅಂಕಿ ಎರಡನ್ನೂ ಬರೆದಿಟ್ಟುಕೊಂಡು ಕೆಲಸ ಮುಂದುವರಿಯಲು ಬಿಡುತ್ತದೆ. ಹೀಗೆ ಸಂಗ್ರಹಿಸಿದ ದಾಖಲೆಗಳನ್ನು ಹೋಲಿಸಿ ನೋಡಿ ಯಾವ ರಿಜಿಸ್ಟರ್ ಏನು ಮಾಡುತ್ತದೆಂದು ಊಹಿಸಿದರು. ನೂವೋ 2010ರಲ್ಲಿ ಕರ್ನೆಲ್‌ನ 2.6.33 ಸೇರಿತು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ದಿನದ ಕೆಲಸಕ್ಕೆ ಅದು ಸಾಕಾಗುತ್ತದೆ, ವಿದ್ಯುತ್ ಉಳಿತಾಯದಲ್ಲಿ ಹಿಂದೆ ಬೀಳುತ್ತದೆ.

ಧ್ವನಿಯ ವಿಷಯ ಚಿಕ್ಕದು. 2004ರಿಂದ ಈಚೆಗಿನ ಬಹುತೇಕ ಲ್ಯಾಪ್‌ಟಾಪ್‌ಗಳು ಇಂಟೆಲ್‌ನ ಹೈ ಡೆಫಿನಿಷನ್ ಆಡಿಯೊ ಮಾನದಂಡವನ್ನೇ ಅನುಸರಿಸುತ್ತವೆ, ಡ್ರೈವರ್ ಒಂದೇ. ಆದರೆ ಧ್ವನಿ ಚಿಪ್‌ನ ಯಾವ ಕಾಲು ಸ್ಪೀಕರ್‌ಗೆ ಹೋಗುತ್ತದೆ, ಯಾವುದು ಹೆಡ್‌ಫೋನ್‌ಗೆ ಎಂಬುದನ್ನು ಬಯಾಸ್ ಹೇಳಬೇಕು. ಎಷ್ಟೋ ಬಯಾಸ್‌ಗಳು ಇದನ್ನು ತಪ್ಪಾಗಿ ಹೇಳುತ್ತವೆ. ಹೆಡ್‌ಫೋನ್ ಹಾಕಿದರೂ ಸ್ಪೀಕರ್ ಕೂಗುತ್ತಿದ್ದರೆ ತಪ್ಪು ಅಲ್ಲಿರುತ್ತದೆ. ಕರ್ನೆಲ್‌ನಲ್ಲಿ ಇಂಥ ಮಾದರಿಗಳ ಉದ್ದ ಪಟ್ಟಿಯೇ ಇದೆ, ಪ್ರತಿಯೊಂದಕ್ಕೂ ತಿದ್ದುಪಡಿ ಬರೆದಿದೆ. ನಿಮ್ಮ ಯಂತ್ರ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಎಚ್‌ಡಿಎ ಜಾಕ್ ರೀಟಾಸ್ಕ್ ಎಂಬ ಪುಟ್ಟ ಪ್ರೋಗ್ರಾಂನಲ್ಲಿ ಕಾಲುಗಳ ಕೆಲಸ ಬದಲಿಸಿ ನೋಡಬಹುದು.

ಮುಚ್ಚಳ ಮುಚ್ಚಿದಾಗ ಮಲಗಿ, ತೆರೆದಾಗ ಏಳುವುದು ಲ್ಯಾಪ್‌ಟಾಪ್‌ನ ಅತ್ಯಂತ ಕಷ್ಟದ ಕೆಲಸ. ಇದರ ಹಿಂದೆ ಎಸಿಪಿಐ ಎಂಬ ಒಪ್ಪಂದವಿದೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರ್‌ನಲ್ಲಿ ಅದನ್ನು ಪ್ರಕಟಿಸಿದವು. ಅದರಂತೆ ಬಯಾಸ್ ಒಳಗೆ ಒಂದಿಷ್ಟು ಪ್ರೋಗ್ರಾಂಗಳೇ ಇರುತ್ತವೆ. ಫ್ಯಾನ್ ಹೇಗೆ ನಡೆಸಬೇಕು, ಬ್ಯಾಟರಿ ಹೇಗೆ ಓದಬೇಕು, ಪರದೆಯ ಬೆಳಕು ಹೇಗೆ ಬದಲಿಸಬೇಕು ಎಂಬುದೆಲ್ಲ ಅವುಗಳಲ್ಲಿ ಬರೆದಿರುತ್ತದೆ. ಕರ್ನೆಲ್ ಅವನ್ನು ಸಾಲು ಸಾಲಾಗಿ ಓದಿ ನಡೆಸುತ್ತದೆ. ಈ ಪ್ರೋಗ್ರಾಂಗಳು ನಡುವೆ ಒಂದು ಪ್ರಶ್ನೆ ಕೇಳಬಹುದು: ನನ್ನನ್ನು ನಡೆಸುತ್ತಿರುವುದು ಯಾವ ವಿಂಡೋಸ್? ತಯಾರಕರು ಯಂತ್ರವನ್ನು ಪರೀಕ್ಷಿಸುವುದು ವಿಂಡೋಸ್‌ನಲ್ಲಿ ಮಾತ್ರ ಎಂಬುದು ಲಿನಕ್ಸ್‌ನವರಿಗೆ ಅನುಭವದಿಂದ ತಿಳಿದಿತ್ತು. ಹೀಗಾಗಿ ಲಿನಕ್ಸ್ ಈ ಪ್ರಶ್ನೆಗೆ ತಾನು ವಿಂಡೋಸ್ ಎಂದೇ ಉತ್ತರಿಸುತ್ತದೆ. ನೀನು ಲಿನಕ್ಸಾ ಎಂದು ಯಾವುದಾದರೂ ಬಯಾಸ್ ಕೇಳಿದರೆ ಅಲ್ಲ ಎನ್ನುತ್ತದೆ. ಪರೀಕ್ಷಿಸಿದ ದಾರಿಯಲ್ಲೇ ಹೋಗುವುದು ಕ್ಷೇಮ. ಪರದೆಯ ಬೆಳಕಿನ ಕೀಲಿಗಳು ಕೆಲಸ ಮಾಡದಿದ್ದಾಗ ಎಸಿಪಿಐ ಬ್ಯಾಕ್‌ಲೈಟ್ ಎಂಬ ಬೂಟ್ ಆಯ್ಕೆಗೆ ನೇಟಿವ್ ಅಥವಾ ವೆಂಡರ್ ಎಂದು ಕೊಡುವುದರ ಅರ್ಥವೂ ಇದೇ, ಬೇರೊಂದು ದಾರಿ ಹಿಡಿ ಎಂದು ಹೇಳುವುದು.

ಮಲಗಿದ ಯಂತ್ರದಲ್ಲಿ ಮೆಮೊರಿಗೆ ಮಾತ್ರ ವಿದ್ಯುತ್ ಇರುತ್ತದೆ. ಎಚ್ಚರವಾದಾಗ ಉಳಿದ ಪ್ರತಿ ಚಿಪ್ಪನ್ನೂ ಅದರ ಡ್ರೈವರ್ ಮೊದಲಿನ ಸ್ಥಿತಿಗೆ ತರಬೇಕು. ಒಂದು ಡ್ರೈವರ್ ತಡವರಿಸಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹಿಂದೆ ಲಿನಕ್ಸ್‌ನಲ್ಲಿ ಇದು ತೀರ ಸಾಮಾನ್ಯವಾಗಿತ್ತು. 2009ರ ಮಾರ್ಚ್‌ನ 2.6.29ರಲ್ಲಿ ಇಂಟೆಲ್ ಪರದೆಯ ಹಿಡಿತವನ್ನು ಕರ್ನೆಲ್ ತಾನೇ ತೆಗೆದುಕೊಂಡ ಮೇಲೆ ಬಹಳ ಸುಧಾರಿಸಿತು. ಈಗಲೂ ಏಳದ ಯಂತ್ರ ಸಿಕ್ಕರೆ ಯಾವ ಡ್ರೈವರ್‌ನಲ್ಲಿ ಸಿಕ್ಕಿಕೊಂಡಿತೆಂದು ತಿಳಿಯುವುದು ಹೇಗೆ? ಪರದೆ ಇಲ್ಲ, ಡಿಸ್ಕ್ ಇನ್ನೂ ಎದ್ದಿಲ್ಲ, ಎಲ್ಲೂ ಏನನ್ನೂ ಬರೆಯುವಂತಿಲ್ಲ. 2006ರಲ್ಲಿ ಟೊರ್ವಾಲ್ಡ್ಸ್ ಇದಕ್ಕೊಂದು ಉಪಾಯ ಹುಡುಕಿದರು. ಯಂತ್ರ ಆಫ್ ಆದರೂ ನಡೆಯುತ್ತಲೇ ಇರುವುದು ಗುಂಡಿ ಬ್ಯಾಟರಿಯ ಗಡಿಯಾರ ಒಂದೇ. ಎಚ್ಚರಗೊಳ್ಳುವಾಗ ಪ್ರತಿ ಹೆಜ್ಜೆಯ ಗುರುತನ್ನು ಆ ಗಡಿಯಾರದ ದಿನಾಂಕ, ಸಮಯವಾಗಿ ಬರೆಯುತ್ತ ಹೋಗುವುದು. ಸಿಕ್ಕಿಕೊಂಡಾಗ ಯಂತ್ರವನ್ನು ಒತ್ತಾಯದಿಂದ ಆರಿಸಿ ಮತ್ತೆ ಶುರುಮಾಡಿದರೆ, ಕರ್ನೆಲ್ ಗಡಿಯಾರದಲ್ಲಿರುವ ಆ ಅಸಂಬದ್ಧ ದಿನಾಂಕವನ್ನು ಬಿಡಿಸಿ ಕೊನೆಯ ಡ್ರೈವರ್‌ನ ಸುಳಿವು ಹೇಳುತ್ತದೆ. ಪಿಎಂ ಟ್ರೇಸ್ ಎಂಬ ಈ ಸೌಲಭ್ಯ ಇಂದಿಗೂ ಕರ್ನೆಲ್‌ನಲ್ಲಿದೆ. ಬಳಸಿದ ಮೇಲೆ ಗಡಿಯಾರ ಸರಿಮಾಡಲು ಮರೆಯಬೇಡಿ.

ಆ ಗುಂಡಿ ಬ್ಯಾಟರಿ ಸತ್ತಿದ್ದರೆ ಇನ್ನೊಂದು ತೊಂದರೆ ಬರುತ್ತದೆ. ಯಂತ್ರ ಪ್ರತಿ ಸಲ ವರ್ಷಗಳ ಹಿಂದಿನ ದಿನಾಂಕದಲ್ಲಿ ಏಳುತ್ತದೆ, ಬ್ಯಾಂಕಿನಿಂದ ಹಿಡಿದು ಎಲ್ಲ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರವೂ ಅದಕ್ಕೆ ಅಮಾನ್ಯವಾಗಿ ಕಾಣುತ್ತದೆ. ವೈಫೈ ಡ್ರೈವರ್ ಮೇಲೆ ಅನುಮಾನ ಪಡುವ ಮೊದಲು ದಿನಾಂಕ ನೋಡಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು, ಮೆಮೊರಿಯನ್ನು ಯಂತ್ರ ಒಪ್ಪುವ ನಾಲ್ಕು ಜಿಬಿಗೆ ಏರಿಸುವುದು, ಫ್ಯಾನಿನ ದೂಳು ತೆಗೆಯುವುದು ಇವು ಯಾವ ಡ್ರೈವರ್‌ಗಿಂತಲೂ ಹೆಚ್ಚಿನ ವ್ಯತ್ಯಾಸ ತರುತ್ತವೆ. ಮೆಮೊರಿ ಸಾಲದಿದ್ದರೆ ಝಡ್‌ರ‍್ಯಾಮ್ ಆನ್ ಮಾಡಿ. ಅದು ಬಳಕೆಯಲ್ಲಿಲ್ಲದ ಮಾಹಿತಿಯನ್ನು ಡಿಸ್ಕಿಗೆ ಕಳಿಸದೆ ಮೆಮೊರಿಯಲ್ಲೇ ಒತ್ತಿ ಚಿಕ್ಕದಾಗಿಸಿ ಇಡುತ್ತದೆ.

ಕೀಬೋರ್ಡ್ ಬಗ್ಗೆ ಕನ್ನಡದವರಿಗೆ ಒಂದು ಮಾತು. ಕೆ. ಪಿ. ರಾವ್ ಅವರ ವಿನ್ಯಾಸದ ಆಧಾರದಲ್ಲಿ ರೂಪುಗೊಂಡು, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎಂದು ಕರೆಯುವ ಕೀಲಿ ವಿನ್ಯಾಸ ಲಿನಕ್ಸ್‌ನ ಸಾಮಾನ್ಯ ಕೀಬೋರ್ಡ್ ಪಟ್ಟಿಯಲ್ಲೇ ಸೇರಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿ ಕಗಪ ಎಂದು ಗುರುತು ಹಾಕಿದರೆ ಸಾಕು, ಬೇರೆ ತಂತ್ರಾಂಶ ಇಳಿಸಬೇಕಾಗಿಲ್ಲ.

ಬರೆದಿಟ್ಟ ಡ್ರೈವರ್‌ಗಳೆಲ್ಲ ಎಂದೆಂದಿಗೂ ಉಳಿಯುತ್ತವೆ ಎಂದೇನಿಲ್ಲ. ಟೊರ್ವಾಲ್ಡ್ಸ್ ಯಾವ 386 ಮೇಲೆ ಲಿನಕ್ಸ್ ಶುರುಮಾಡಿದರೋ ಆ ಪ್ರೊಸೆಸರ್‌ನ ಬೆಂಬಲವನ್ನೇ 2013ರ 3.8 ಆವೃತ್ತಿಯಲ್ಲಿ ತೆಗೆದುಹಾಕಿದರು. ಯಾರೂ ಬಳಸುತ್ತಿಲ್ಲ, ಪರೀಕ್ಷಿಸುವವರೂ ಇಲ್ಲ ಎಂದು ಕಂಡ ಡ್ರೈವರ್‌ಗಳನ್ನು ಕರ್ನೆಲ್‌ನವರು ಹೊರಗೆ ಕಳಿಸುತ್ತಾರೆ. ಅವರ ಮುಂದೆ ಆ ಯಂತ್ರವಿಲ್ಲ, ನಿಮ್ಮ ಮುಂದೆ ಇದೆ. ಆದ್ದರಿಂದ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮೊದಲು ಒಮ್ಮೆ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಎಲ್‌ಎಸ್‌ಪಿಸಿಐ ತೋರಿಸುವ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಏನಾದರೂ ನಡೆಯದಿದ್ದರೆ ಆ ಸಂಖ್ಯೆ, ಕರ್ನೆಲ್ ಆವೃತ್ತಿ, ಡಿಮೆಸೇಜ್ ಆಜ್ಞೆ ತೋರಿಸುವ ದೋಷದ ಸಾಲು ಈ ಮೂರನ್ನೂ ಸೇರಿಸಿ ಆ ಡ್ರೈವರ್ ನೋಡಿಕೊಳ್ಳುವವರಿಗೆ ತಿಳಿಸಿ. ಮುಂದಿನ ಸಲ ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯವರನ್ನು ಪ್ರೊಸೆಸರ್ ವೇಗ ಎಷ್ಟು ಎಂದು ಕೇಳುವ ಜೊತೆಗೆ, ವೈಫೈ ಚಿಪ್ ಯಾವ ಕಂಪನಿಯದು ಎಂದೂ ಕೇಳಿ.